ಹನ್ನೆರಡು ಚಾಪೆ

"ಕೇಳ್ರಪ್ಪೋ ಕೇಳಿ! ಅರಮನೆಯ ಪಾಠಶಾಲೆಯಲ್ಲಿ ಈ ವರ್ಷ ಹನ್ನೆರಡು ಚಾಪೆ ಹಾಸಿದೆ. ಚಾಪೆಗೊಂದು ಮಗು. ಊಟ, ಬಟ್ಟೆ, ಓದು ಎಲ್ಲ ಪುಕ್ಕಟೆ. ಮಗುವಿನ ಹೆತ್ತವರು ಮಹಾರಾಜರ ಮೂರು ಒಗಟು ಬಿಡಿಸಬೇಕು. ತಪ್ಪಿದರೆ ಆ ಮಗು ಬದುಕಿರುವವರೆಗೆ ಅಕ್ಷರ ಕಲಿಸುವ ಯಾವ ಮಠದ ಜಗಲಿಯನ್ನೂ ಹತ್ತಕೂಡದು!"

ಮಾವತ್ತೂರಿನ ಬೀದಿಯಲ್ಲಿ ಡಂಗುರ ಹೀಗೆ ಸಾರಿತು. ಓದುವುದು ಮಗು, ಪರೀಕ್ಷೆ ಅಪ್ಪ ಅಮ್ಮನಿಗೆ ಯಾಕೆ ಎಂದು ಯಾರೂ ಕೇಳಲಿಲ್ಲ. ಕೇಳುವ ಪುರುಸೊತ್ತಾದರೂ ಯಾರಿಗಿತ್ತು? ಎಲ್ಲರೂ ಆಗಲೇ ಒಗಟಿನ ಮನೆಗೆ ಓಡಿದ್ದರು. ಅದು ಊರಿನ ಹೊಸ ದಂಧೆ. ಹಾಲು ಕರೆಯುವ ಹಸುವೊಂದನ್ನು ತಂದು ಕಟ್ಟಿದರೆ ಹೋದ ವರ್ಷದ ಒಗಟುಗಳನ್ನು ಉತ್ತರದ ಸಮೇತ ಗಿಣಿಪಾಠ ಮಾಡಿಸುತ್ತಿದ್ದರು.

ಕೆರೆಯ ಜೊಂಡು ಕೊಯ್ದು ಚಾಪೆ ಹೆಣೆಯುವ ದ್ಯಾವಣ್ಣನ ಮನೆಯಲ್ಲಿ ಹಸು ಇರಲಿಲ್ಲ.

"ಎಲ್ರೂ ಹೋಗ್ತಾವ್ರೆ, ನೀನು ಕೂತಿದ್ದೀಯಲ್ಲ!" ಎಂದು ಹೆಂಡತಿ ಸಾಕವ್ವ ರೇಗಿದಳು. "ನಮ್ ನಿಂಗಿ ಇದ್ದಿಲು ಹಿಡ್ಕೊಂಡು ಗೋಡೆ ತುಂಬ ಅಕ್ಷರ ಗೀಚ್ತಾಳೆ. ಅವಳೂ ಜೊಂಡು ಕುಯ್ಕೊಂಡೇ ಇರ್ಬೇಕಾ?"

"ಉತ್ರ ತಪ್ಪಿದ್ರೆ ಜನ್ಮದಲ್ಲಿ ಮಠ ಹತ್ತಂಗಿಲ್ಲ ಕಣೆ!"

"ಹೋಗ್ದೆ ಕೂತ್ರೆ ಹತ್ತುತ್ತಾಳಾ?"

ದ್ಯಾವಣ್ಣ ಎದ್ದ. ಆರು ವರ್ಷದ ನಿಂಗಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊರಟ.

ಕೋಟೆ ಬಾಗಿಲಿಂದ ಸಂತೆ ಮಾಳದವರೆಗೆ ಜನ ಸಾಲುಗಟ್ಟಿದ್ದರು. ಉಳ್ಳವರು ತಾವು ನಿಲ್ಲುತ್ತಿರಲಿಲ್ಲ, ಆಳುಗಳನ್ನು ನಿಲ್ಲಿಸಿ ನೆರಳಲ್ಲಿ ಕೂತಿದ್ದರು. ಬಿಸಿಲು ನೆತ್ತಿಗೇರುವ ಹೊತ್ತಿಗೆ ಸುದ್ದಿ ಬಂತು: ಹನ್ನೊಂದು ಚಾಪೆ ಮಂತ್ರಿಯ ನೆಂಟರಿಷ್ಟರ ಮಕ್ಕಳಿಗೇ ಹೋಗಿ, ಉಳಿದಿರುವುದು ಒಂದೇ ಒಂದು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಸುಳ್ಳೇ? ದ್ಯಾವಣ್ಣನಿಗೆ ತಲೆ ಚಿಟ್ಟು ಹಿಡಿಯಿತು. ವಾಪಸು ಹೋಗೋಣವೆಂದರೆ ಹಿಂದೆ ಅಷ್ಟೇ ಜನ.

ಒಳಗೆ ಹೋದವರೆಲ್ಲ ಅಳುವ ಮಕ್ಕಳನ್ನು ಎತ್ತಿಕೊಂಡು ಹೊರಗೆ ಬಂದರು. ಸಂಜೆಯ ಹೊತ್ತಿಗೆ ಮೂವರನ್ನು ಒಟ್ಟಿಗೆ ಕರೆದರು. ರೇಷ್ಮೆ ವ್ಯಾಪಾರಿ ಚನ್ನಶೆಟ್ಟಿ, ದಂಡು ನಡೆಸುವ ದಳವಾಯಿ ಮಲ್ಲರಸ, ಕೊನೆಗೆ ದ್ಯಾವಣ್ಣ. ಒಬ್ಬೊಬ್ಬರ ಜೊತೆಗೂ ಒಂದೊಂದು ಮಗು, ಮಗುವಿನ ಕೈಯಲ್ಲಿ ಅರಮನೆಯವರು ಕೊಟ್ಟ ಬರೆಯುವ ಹಲಗೆ.

ಮಹಾರಾಜರು ಕೇಳಿದರು: "ಎತ್ತಿಕೊಂಡಾಗ ಹಗುರ, ಇಳಿಸಿದಾಗ ಭಾರ. ಏನದು?"

"ತುಂಬಿದ ಕೊಡ!" ಎಂದು ಶೆಟ್ಟಿ ಕೂಗಿಯೇಬಿಟ್ಟ. ಹೋದ ವರ್ಷದ ಒಗಟು ಎತ್ತಿಕೊಂಡಾಗ ಭಾರ, ಇಳಿಸಿದಾಗ ಹಗುರ ಎಂದಿತ್ತು. ಈ ಸಲ ಅದನ್ನೇ ತಿರುವಿ ಕೇಳಿದ್ದರು. ಪಾಪ, ಹಸು ಕೊಟ್ಟು ಕಲಿತದ್ದು, ನಾಲಿಗೆ ತುದಿಯಲ್ಲೇ ಇತ್ತು. ಭಟರು ಅವನ ಮಗನ ಹಲಗೆ ಕಿತ್ತುಕೊಂಡರು.

ದಳವಾಯಿ ಜಾಣ, ಬಾಯಿ ಬಿಡಲಿಲ್ಲ. ದ್ಯಾವಣ್ಣ ಆಗಷ್ಟೇ ನಿಂಗಿಯನ್ನು ಹೆಗಲಿಂದ ಇಳಿಸಿದ್ದ. ನಾಳೆ ಇವಳು ಒಳಗೆ, ತಾನು ಹೊರಗೆ ಎಂದು ನೆನೆದರೇ ಅವನ ಎದೆಯಲ್ಲಿ ಕಲ್ಲು ಕೂತಿತ್ತು.

"ಮಗು ಅದು, ಬುದ್ಧಿ," ಎಂದ. "ಹೊತ್ಕೊಂಡು ಎಷ್ಟು ದೂರ ಬಂದ್ರೂ ಭಾರ ಅನ್ಸಲ್ಲ. ಬಿಟ್ಟು ಹೋಗುವಾಗ್ಲೇ ಭಾರ."

ಮಹಾರಾಜರು ತಲೆಯಾಡಿಸಿದರು. "ಎರಡನೆಯದು. ಕಾಲು ನೂರಾರು, ಜರಿಹುಳುವಲ್ಲ. ತಲೆ ಕಳಚಿದಾಗಲೆಲ್ಲ ಒಂದು ಹೆಜ್ಜೆ ಮುಂದೆ ಬರುತ್ತದೆ. ಬಾಲ ಬೆಳೆಯುತ್ತಲೇ ಇರುತ್ತದೆ."

"ಸೈನ್ಯ!" ಎಂದ ದಳವಾಯಿ, ಮೀಸೆ ಮುಟ್ಟಿಕೊಂಡು. ಅವನ ಮಗಳ ಹಲಗೆಯೂ ಹೋಯಿತು.

"ನಿಮ್ ಬಾಗ್ಲಲ್ಲಿ ನಿಂತಿರೋ ಸಾಲು, ಬುದ್ಧಿ," ಎಂದ ದ್ಯಾವಣ್ಣ ಸಿಟ್ಟಿನಿಂದ. "ಮುಂದಿನವನು ಒಳಗೆ ಬಂದ್ರೆ ನಮಗೆ ಒಂದು ಹೆಜ್ಜೆ. ಬೆಳಿಗ್ಗೆಯಿಂದ ನಿಂತವನಿಗೆ ಗೊತ್ತಾಗ್ದೆ ಇರ್ತದಾ?"

"ಸರಿ. ಕೊನೆಯದು. ಕಳ್ಳ ಕದಿಯಲಾರ, ಅಣ್ಣತಮ್ಮಂದಿರು ಪಾಲು ಕೇಳಲಾರರು, ಕೊಟ್ಟಷ್ಟೂ ಹೆಚ್ಚುತ್ತದೆ. ಏನದು?"

ಸಭೆಯಲ್ಲಿ ಗುಸುಗುಸು ಎದ್ದಿತು. ಇದು ಗೊತ್ತಿಲ್ಲದವರು ಯಾರು? ನಿಂಗಿ ಅಪ್ಪನ ಪಂಚೆ ಹಿಡಿದೆಳೆದು, "ವಿದ್ಯೆ ಕಣಪ್ಪ, ಹೇಳು!" ಎಂದು ಪಿಸುಗುಟ್ಟಿದಳು. ಒಂದೇ ಮಾತು, ಮಗಳ ಬದುಕು ದಡ ಸೇರುತ್ತಿತ್ತು. ಆದರೆ ದ್ಯಾವಣ್ಣ ನೆಲದ ಕಡೆ ನೋಡಿದ. ಕಿತ್ತುಕೊಂಡ ಎರಡು ಹಲಗೆಗಳು ಕಣ್ಣೆದುರಿಗೇ ಬಿದ್ದಿದ್ದವು.

"ನಾನು ವಿದ್ಯೆ ಅನ್ಬೇಕು, ಬುದ್ಧಿ. ಬಾಯಿ ಬರ್ತಿಲ್ಲ. ಕೊಟ್ಟಷ್ಟೂ ಹೆಚ್ಚೋದಾದ್ರೆ ಹನ್ನೆರಡೇ ಚಾಪೆ ಯಾಕೆ? ಕೊಟ್ರೆ ಕಮ್ಮಿ ಆಗೋದನ್ನಲ್ವಾ ಹಿಂಗೆ ಬಾಗ್ಲು ಹಾಕ್ಕೊಂಡು ಕಾಯೋದು? ವಿದ್ಯೆ ಅಂದ್ರೆ ನಿಮ್ ಬಾಗ್ಲು ಸುಳ್ಳು, ಅಲ್ಲ ಅಂದ್ರೆ ನಿಮ್ ಒಗಟು ಸುಳ್ಳು. ಯಾವುದು ಸುಳ್ಳು ಅಂತ ನೀವು ಹೇಳಿ, ಆಮೇಲೆ ನಾನು ಉತ್ರ ಹೇಳ್ತೀನಿ."

 ಭಟನೊಬ್ಬ ಆಗಲೇ ನಿಂಗಿಯ ಹಲಗೆಗೆ ಕೈ ಹಾಕಿದ್ದ.

ಮಹಾರಾಜರು ಮಂತ್ರಿಯತ್ತ ತಿರುಗಿದರು. "ಹೌದಲ್ಲ, ಹನ್ನೆರಡೇ ಯಾಕೆ?"

ಮಂತ್ರಿ ಕೈ ಮುಗಿದ. "ಪ್ರಭು, ಜಾಗಕ್ಕೇನೋ ಕೊರತೆಯಿಲ್ಲ... ಚಾಪೆ ಸಾಲದು."

"ಚಾಪೆನಾ?" ದ್ಯಾವಣ್ಣನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಚಾಪೆಗೋಸ್ಕರವಾ ಇಷ್ಟು ಮಕ್ಕಳನ್ನ ಅಳಿಸಿದ್ದು? ನಾನು ಚಾಪೆ ಹೆಣೆಯೋನು ಸ್ವಾಮಿ! ಒಂದು ಮಾತು ಹೇಳಿ ಕಳಿಸಿದ್ರೆ ಆಗ್ತಿತ್ತಲ್ಲ!"

ಮಹಾರಾಜರು ಸಿಂಹಾಸನದಿಂದ ಇಳಿದು, ಹಲಗೆಯನ್ನು ತಾವೇ ನಿಂಗಿಯ ಕೈಗಿಟ್ಟರು. "ಉತ್ತರ ವಿದ್ಯೆಯೇ, ಸುಳ್ಳಾದದ್ದು ಬಾಗಿಲು," ಎಂದರು. "ನಿನ್ನ ಮಗಳಿಗೆ ಹನ್ನೆರಡನೆಯ ಚಾಪೆ. ಇನ್ನು ನೀನು ಹೆಣೆದು ಹಾಸಿದಷ್ಟು ಚಾಪೆಗೂ ಒಂದೊಂದು ಮಗು. ಕಿತ್ತ ಹಲಗೆಗಳನ್ನೆಲ್ಲ ವಾಪಸು ಕೊಡಿ."

ಮರುದಿನ ಬೆಳಿಗ್ಗೆ ಊರಿಗೆ ಊರೇ ಕೆರೆಗಿಳಿಯಿತು. ಚನ್ನಶೆಟ್ಟಿ ರೇಷ್ಮೆ ಪಂಚೆ ಎತ್ತಿಕಟ್ಟಿ ಜೊಂಡು ಕೊಯ್ದ. ದಳವಾಯಿ ಕತ್ತಿಯಲ್ಲೇ ಕೊಯ್ದ. ಒಂದು ತಿಂಗಳೊಳಗೆ ಪಾಠಶಾಲೆಯ ಅಂಗಳದ ತುಂಬ ಚಾಪೆ, ಚಾಪೆ ತುಂಬ ಮಕ್ಕಳು. ಇನ್ನಾದರೂ ಜನ ಸುಮ್ಮನಿದ್ದರೇ? ಗುರುಗಳ ಹತ್ತಿರದ ಚಾಪೆ ಯಾರ ಮಗುವಿಗೆ ಎಂಬ ಜಗಳ ಅಂದೇ ಶುರುವಾಯಿತು. ಒಗಟಿನ ಮನೆಯವರು ಮುಂದಿನ ಸಾಲಿನಲ್ಲಿ ಕೂರುವುದು ಹೇಗೆಂದು ಪಾಠ ಹೇಳತೊಡಗಿದರು. ಮತ್ತೆ ಹಸುಗಳು ಆ ಕಡೆಗೇ ನಡೆದವು.

ದ್ಯಾವಣ್ಣ ಮಾತ್ರ ಆ ಗೊಡವೆಗೆ ಹೋಗಲಿಲ್ಲ. ನಿಂಗಿಯನ್ನು ಪಾಠಶಾಲೆಯ ಮೆಟ್ಟಿಲ ಮೇಲೆ ಇಳಿಸಿದ. ಅವಳು ಹಲಗೆ ಅವಚಿಕೊಂಡು, ತಿರುಗಿಯೂ ನೋಡದೆ ಒಳಗೆ ಓಡಿದಳು. ಅವನು ಬರಿ ಹೆಗಲಲ್ಲಿ ಮನೆಯ ದಾರಿ ಹಿಡಿದ. ಕೆರೆ ಏರಿಯ ಮೇಲೆ ಬರುವಾಗ ಭಾರ ತಾಳಲಾರದೆ ಎರಡು ಕಡೆ ಕೂತು ಸುಧಾರಿಸಿಕೊಂಡನಂತೆ.