ಗೆಜ್ಜೆ ಕಟ್ಟಿದ ಪಾತ್ರೆ

ನದಿಯ ದಂಡೆಯ ಆಶ್ರಮದಲ್ಲಿ ಔಷಧ ಮಾಡುವ ಕೆಲಸ ಕಾತ್ಯಾಯಿನಿಯದು. ತಲೆಕೂದಲು ನರೆಯುವವರೆಗೂ ಅವಳ ಕೈ ಒಮ್ಮೆಯೂ ತಪ್ಪಿರಲಿಲ್ಲ.

ಒಂದು ಬೆಳಿಗ್ಗೆ ಬೇರು ಕುಟ್ಟುತ್ತಿದ್ದವಳ ಕೈ ತಟ್ಟನೆ ನಿಂತಿತು.

ಕುಟ್ಟಾಣಿಯಲ್ಲಿದ್ದದ್ದು ವತ್ಸನಾಭಿ. ಗೋಮೂತ್ರದಲ್ಲಿ ನೆನೆಸಿ ಶುದ್ಧಿ ಮಾಡಿದರೆ ಜ್ವರಕ್ಕೆ ಮದ್ದು. ಮಾಡದಿದ್ದರೆ ವಿಷ.

ಇದು ಶುದ್ಧಿಯಾದದ್ದೋ, ಆಗದ್ದೋ?

ಎಷ್ಟು ತಡಕಾಡಿದರೂ ನೆನಪು ಸಿಗಲಿಲ್ಲ.

ಜಗಲಿಯಲ್ಲಿ ಒಬ್ಬ ತಂದೆ ಜ್ವರದ ಮಗುವನ್ನು ಎತ್ತಿಕೊಂಡು ಕೂತಿದ್ದ. "ಮದ್ದು ಆಯ್ತಾ, ತಾಯಿ?"

ಕಾತ್ಯಾಯಿನಿ ಹಿತ್ತಲಿಗೆ ಓಡಿದಳು. ಗುರು ದೇವೀರಮ್ಮ ಸೊಪ್ಪು ಬಿಡಿಸುತ್ತಿದ್ದರು. ಅವರ ಮುಂದೆ ಔಷಧದ ಮನೆಯ ಬೀಗದ ಕೈ ಇಟ್ಟು ನಡೆದದ್ದನ್ನು ಹೇಳಿದಳು.

"ಮಗುವಿಗೆ ಕೊಟ್ಟೆಯಾ?"

"ಇಲ್ಲಮ್ಮ."

ದೇವೀರಮ್ಮ ಉಸಿರು ಬಿಟ್ಟರು. "ಕುಟ್ಟಿದ್ದನ್ನು ಹೂತುಬಿಡು. ಮಗುವಿಗೆ ಅಮೃತಬಳ್ಳಿ ಕಷಾಯ ಕೊಡು. ಆಮೇಲೆ ಬಾ."

ಅವಳು ಹಾಗೇ ಮಾಡಿ ಬಂದಳು.

"ಮುಟ್ಟು ನಿಂತಾಗಿನಿಂದ ಹೀಗೇ, ಅಮ್ಮ. ಒಳಗೆ ಹೋಗುತ್ತೇನೆ, ಯಾಕೆ ಹೋದೆ ಗೊತ್ತಿಲ್ಲ. ಮಾತು ಬಾಯಿಗೆ ಬಂದು ಮಾಯವಾಗುತ್ತದೆ. ನಮ್ಮಜ್ಜಿ ಕೊನೆಗೆ ಹೆತ್ತ ಮಗಳನ್ನೇ 'ಯಾರು ನೀನು' ಅಂದಳು. ನನಗೂ ಅದೇ ಶುರುವಾಯಿತಾ?"

"ಬೇರಿನ ಪಾತ್ರೆಗೆ ಗೆಜ್ಜೆ ಕಟ್ಟಿರಲಿಲ್ಲವಾ?"

ವಿಷದ ಬೇರು ಶುದ್ಧಿಯಾಗುವ ತನಕ ಪಾತ್ರೆಗೆ ಗೆಜ್ಜೆ ಕಟ್ಟುವುದು, ಆದಮೇಲೆ ಬಿಚ್ಚುವುದು ಅಲ್ಲಿನ ಪದ್ಧತಿ. ಹೊಸಬರಿಗೆ ಅದನ್ನು ಕಲಿಸುತ್ತಿದ್ದವಳೇ ಕಾತ್ಯಾಯಿನಿ. ತಾನು ಮಾತ್ರ ಕಟ್ಟುವುದು ಬಿಟ್ಟು ವರ್ಷಗಳಾಗಿದ್ದವು.

ಅವಳು ತಲೆ ತಗ್ಗಿಸಿದಳು. "ನನಗೆ ಎಲ್ಲ ನೆನಪಿರುತ್ತಿತ್ತಲ್ಲಮ್ಮ."

"ಆ ಪದ್ಧತಿ ಶುರುಮಾಡಿದ್ದು ಯಾರು ಗೊತ್ತಾ?"

"ಹಿಂದಿನ ಗುರುಗಳು. ದೇವಿಗೆ ಗೆಜ್ಜೆ ಪ್ರೀತಿ ಅಂತ."

"ದೇವಿ ನನ್ನನ್ನು ಏನೂ ಕೇಳಲಿಲ್ಲ. ನನ್ನ ಮುಟ್ಟು ನಿಂತ ವರ್ಷ ನಾನೇ ಕಟ್ಟಿದ್ದು."

ಕಾತ್ಯಾಯಿನಿ ಕಣ್ಣು ಬಿಟ್ಟು ನೋಡಿದಳು. "ನೀವೂ ಮರೆಯುತ್ತಿದ್ದಿರಾ?"

"ಆಗ ಆಶ್ರಮದಲ್ಲಿದ್ದವರ ಹೆಸರೆಲ್ಲ ಮರೆತಿದ್ದೆ. ನೀನಿನ್ನೂ ಬಂದಿರಲಿಲ್ಲ. ವರ್ಷವಿಡೀ ಸಿಕ್ಕಿದವರನ್ನೆಲ್ಲ 'ಮಗಳೇ' ಅಂತ ಕರೆದೆ. ಎಂಥ ಕರುಣೆ ಅಂತ ಊರೆಲ್ಲ ಕೈ ಮುಗಿಯಿತು."

ಕಾತ್ಯಾಯಿನಿಗೆ ನಗು ಬಂತು. ಹಿಂದೆಯೇ ಅಳು.

"ತಲೆಗೆ ಕವಿದ ಈ ಮಂಜು ಕರಗುತ್ತದಾ, ಅಮ್ಮ?"

"ನನಗೆ ಬಹಳಷ್ಟು ಕರಗಿತು. ನಿನಗೆ ಹೇಗೋ, ಇವತ್ತೇ ಹೇಳಲಾರೆ. ಜೊತೆಗಿದ್ದು ನೋಡುತ್ತೇನೆ."

ದೇವೀರಮ್ಮ ಎದ್ದು ಒಳಗೆ ಹೋಗಿ ಹಳೆಯ ಗೆಜ್ಜೆಯೊಂದನ್ನು ತಂದರು. ಅದನ್ನು ಬೀಗದ ಕೈಯ ಜೊತೆ ಅವಳ ಅಂಗೈಗೆ ಹಾಕಿ ಬೆರಳು ಮಡಿಸಿದರು.

ಬೆರಳುಗಳ ನಡುಕಕ್ಕೆ ಗೆಜ್ಜೆ ಸಣ್ಣಗೆ ಸದ್ದು ಮಾಡಿತು.

"ಬೇಡಮ್ಮ. ಈ ಭಯ ಇಟ್ಟುಕೊಂಡು ನಾನು ಆ ಬೇರು ಹೇಗೆ ಮುಟ್ಟಲಿ?"

ದೇವೀರಮ್ಮ ಮತ್ತೆ ಸೊಪ್ಪಿನ ಮುಂದೆ ಕೂತರು.

"ಭಯ ಇರಲಿ, ಮಗಳೇ. ಗೆಜ್ಜೆ ಕಟ್ಟುವುದನ್ನು ಅದು ಮರೆಯುವುದಿಲ್ಲ."