ಬಿಟ್ಟಿ ತೆಂಗಿನ ನಾರು

ಹೊಂಗೆ ಮರದ ಕಾಗೆಗೆ ಒಂದು ಅಭ್ಯಾಸವಿತ್ತು. ಯಾರೇ ಬಂದು ಮಾತಾಡಿಸಲಿ, ಅವಳು ಮೊಟ್ಟೆಗಳ ಮೇಲಿಂದ ಏಳದೆ ಕತ್ತು ಮಾತ್ರ ಹೊರಳಿಸಿ ಉತ್ತರ ಕೊಡುತ್ತಿದ್ದಳು. ಹೋದ ವರ್ಷ ಯಾರೋ ಕರೆದರೆಂದು ಮರ್ಯಾದೆಗೆ ಎದ್ದು ಹೋಗಿದ್ದಳು. ಬರುವಷ್ಟರಲ್ಲಿ ಒಂದು ಮೊಟ್ಟೆ ಕೆಳಗೆ ಬಿದ್ದು ಒಡೆದಿತ್ತು. ಗೂಡಿನಲ್ಲಿ ಉಳಿದಿದ್ದನ್ನೆಲ್ಲ ತನ್ನದೇ ಎಂದು ಕಾವು ಕೊಟ್ಟು, ತುತ್ತಿಟ್ಟು ಬೆಳೆಸಿದಳು. ರೆಕ್ಕೆ ಬಲಿತ ದಿನ ಒಂದು ಮರಿ ಕುಹೂ ಎಂದು ಹಾರಿಹೋಯಿತು.

ಈ ಬೇಸಿಗೆಯಲ್ಲಿ ಗಂಡು ಕೋಗಿಲೆ ಗೂಡಿನಂಚಿಗೆ ಬಂದು ನಯವಾಗಿ ಕೆಮ್ಮಿದ.

"ಅಕ್ಕಾವ್ರೇ, ಬಿಸಿಲು ನೋಡಿ ಹೇಗಿದೆ. ಗೂಡಿನೊಳಗೆ ತೆಂಗಿನ ನಾರು ಹಾಸಿಕೊಡ್ತೀವಿ, ತಂಪಾಗಿರುತ್ತೆ. ಪೂರ್ತಿ ಉಚಿತ. ನೀವು ಒಂದು ಗಳಿಗೆ ಎದ್ದು ಆಚೆ ಕೂತರೆ ಸಾಕು."

"ನಿಮಗೇನು ಲಾಭ?"

"ಸೇವೆ ಅಕ್ಕ. ಈ ತೋಪಿನಲ್ಲಿ ಎಲ್ಲರೂ ಹಾಕಿಸಿಕೊಂಡರು. ಇವತ್ತೇ ಕೊನೇ ದಿನ."

ಅವನ ಹಿಂದೆ ಎಲೆಗಳ ಮರೆಯಲ್ಲಿ ಚುಕ್ಕೆ ರೆಕ್ಕೆಯ ಹೆಂಡತಿ ಕಾದು ಕೂತಿದ್ದು ಕಾಗೆಗೆ ಕಾಣಿಸಿತು. ಅವಳ ಮೈಯೆಲ್ಲ ಉರಿದುಹೋಯಿತು. ಆದರೂ ಏಳಲಿಲ್ಲ, ದನಿಯನ್ನೂ ಏರಿಸಲಿಲ್ಲ.

"ಆಗಲಿ ಕಣಪ್ಪ. ಅಷ್ಟು ಒಳ್ಳೆ ನಾರು ಅಂದಮೇಲೆ ಮೊದಲು ನಿನ್ನ ಗೂಡಿಗೇ ಹಾಸಿಕೊಂಡಿರ್ತೀಯ. ನಿನ್ನ ಗೂಡು ಯಾವ ಮರದಲ್ಲಿದೆ, ಇಲ್ಲಿಂದಲೇ ಸ್ವಲ್ಪ ತೋರಿಸು."

ಹಾಡಿನಿಂದ ತೋಪನ್ನೇ ತುಂಬುವ, ಎಂದೂ ಗೂಡು ಕಟ್ಟದ ಕೋಗಿಲೆ ಹೆಂಡತಿಗೆ ಕಣ್ಸನ್ನೆ ಮಾಡಿ ಬೇರೆ ಮರಕ್ಕೆ ಹಾರಿದ.