ಫಕ್ಕೀರಪ್ಪ ತಂಗಿಯನ್ನು ಆರನೇ ಇಯತ್ತೆಗೆ ಸೇರಿಸಿದ್ದು

ನಗಬೇಕು ಅನ್ನುವವರು ಈಗಲೇ ನಕ್ಕುಬಿಡಿ. ಕೊನೆಗೆ ನಗು ಬರುತ್ತದೋ ಇಲ್ಲವೋ ನಾನು ಹೇಳಲಾರೆ.

ಕರೇಕಟ್ಟಿ ಎಂಬ ಸಣ್ಣ ಊರಲ್ಲಿ ದ್ಯಾಮವ್ವ ಅಂತ ಒಬ್ಬಾಕೆ ಇದ್ದಳು. ಗಂಡ ಇಲ್ಲ. ಊರ ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಬೇಯಿಸುವ ಕೆಲಸ. ಮಗ ಫಕ್ಕೀರಪ್ಪನಿಗೆ ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹಾಗಂತ ಮೈಗಳ್ಳನಲ್ಲ, ಸುಳ್ಳನಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತಿದ್ದ. ಅದೇ ಅವನ ಪೆದ್ದತನ.

"ನನ್ನ ಹೊಟ್ಟ್ಯಾಗ ಯಾಕ ಹುಟ್ಟಿದ್ಯೋ!" ಅಂತ ಅವ್ವ ಹಣೆ ಬಡಿದುಕೊಳ್ಳುವಳು. "ನೀನೇ ಹಡದಿಯಲ್ಲವ್ವಾ!" ಅನ್ನುವನು ಮಗ.

ಮಗಳು ನೀಲವ್ವ ಮಾತ್ರ ಚುರುಕು. ಐದನೇ ಇಯತ್ತೆ ಮುಗಿಸಿದ್ದಳು. ಕರೇಕಟ್ಟಿ ಶಾಲೆ ಅಲ್ಲಿಗೆ ಮುಗಿಯುತ್ತದೆ.

"ನಮ್ಮ ದೇಶದಾಗ ಶಾಲಿ ಅಂದ್ರ ಮೆಟ್ಲ ಇದ್ದಂಗ, ದ್ಯಾಮವ್ವಾ," ಅಂದರು ಊರಿನ ಮಾಸ್ತರು. "ಎಲ್ಲಾಕ್ಕಿಂತ ಕೆಳಗ ಅಂಗನವಾಡಿ. ಇಲ್ಲಿ ಐದರ ತನಕ. ಆರು, ಏಳು ಹಿರೇಬೂದಿಯಾಗ. ಎಂಟರಿಂದ ಹತ್ತು ಹೋಬಳಿಯಾಗ. ಆಮ್ಯಾಲ ತಾಲೂಕಿನಾಗ ಕಾಲೇಜು. ಒಂದು ಮೆಟ್ಲ ತಪ್ಪಿದ್ರ ಹುಡುಗಿ ಅಲ್ಲೇ ಕುಂತಬಿಡ್ತೈತಿ ನೋಡು."

ಎಲ್ಲಿ ಕೂರುತ್ತಾಳೆ ಅನ್ನುವುದು ದ್ಯಾಮವ್ವನಿಗೆ ಗೊತ್ತಿತ್ತು. ಅಂದಾನಗೌಡನ ಹತ್ತಿ ಹೊಲದಲ್ಲಿ. ಬಿತ್ತನೆ ಬೀಜಕ್ಕೆಂದು ಬೆಳೆಯುವ ಹತ್ತಿಗೆ ಹೂವಿನಿಂದ ಹೂವಿಗೆ ಪರಾಗದ ಹುಡಿ ತಾಗಿಸಬೇಕು, ಅದಕ್ಕೆ ಸಣ್ಣ ಬೆರಳೇ ಬೇಕು. ಶ್ರಾವಣ ಬಂದಿತ್ತು, ಹೊಲ ಹೂ ಬಿಟ್ಟಿತ್ತು, ಶಾಲೆಗೆ ಸೇರಿಸುವ ಗಡುವೂ ಮುಗಿಯುತ್ತ ಬಂದಿತ್ತು. ನೀಲವ್ವನನ್ನು ಕೆಲಸಕ್ಕೆ ಕೇಳಿ ಗೌಡ ಆಗಲೇ ಎರಡು ಸಲ ಬಾಗಿಲಿಗೆ ಬಂದು ಹೋಗಿದ್ದ. ದ್ಯಾಮವ್ವ ಒಲೆ ಬಿಟ್ಟು ಹೋಗುವಂತಿಲ್ಲ. ಹೋಗಬೇಕಾದವನು ಫಕ್ಕೀರಪ್ಪ.

"ಇದು ನೀಲಿ ಐದನೆತ್ತೆ ಮುಗಿಸ್ಯಾಳ ಅನ್ನೂ ಕಾಗದ. ಹೆಡ್‌ಮಾಸ್ತರ ಕೈಯಾಗ ಕೊಡು. ಬ್ಯಾರೆ ಯಾರ ಕೈಯಾಗೂ ಕೊಡಬ್ಯಾಡ. ತಿಳೀತೇನು?"

"ತಿಳೀತವ್ವಾ."

ತಂಗಿಯ ಕೈ ಹಿಡಿದು ಹೋದ. ಹಿರೇಬೂದಿಯ ಹೆಡ್‌ಮಾಸ್ತರು ತರಬೇತಿಗೆ ಹೋಗಿದ್ದರು. ಅವರ ಜಾಗದಲ್ಲಿ ಕೂತಿದ್ದ, ಪಾಠ ಹೇಳುವ ಅಕ್ಕೋರು, "ಕೊಡಪಾ, ಸೇರಿಸ್ಕೊಂತೀನಿ" ಅಂತ ಕೈ ಚಾಚಿದರು.

"ನೀವು ಹೆಡ್‌ಮಾಸ್ತರೇನ್ರಿ?"

"ಅಲ್ಲ, ಅವರು ಬರೂತನಕ ನಾನಽ ನೋಡ್ಕೊಂತೀನಿ."

"ಹಂಗಾರ ಕೊಡೂದಿಲ್ರಿ!" ಅಂದವನೇ ಕಾಗದ ಎದೆಗವಚಿಕೊಂಡು ವಾಪಸು ಬಂದ. ನೀಲವ್ವ ದಾರಿಯುದ್ದಕ್ಕೂ ಹೇಳಿದಳು, ಅತ್ತಳು. ಅವನಿಗೆ ಮಾತ್ರ ಅವ್ವ ಹೇಳಿದ್ದೇ ಹೇಳಿದ್ದು.

"ಅಯ್ಯ ನನ್ನ ಕರ್ಮವೇ!" ದ್ಯಾಮವ್ವ ಸೌಟು ಎತ್ತಿದಳು. "ಹೆಡ್‌ಮಾಸ್ತರ ಇಲ್ಲಂದ್ರ ಅವರ ಮ್ಯಾಲಿನವರ ಹತ್ರ ಹೋಗಬೇಕಪಾ, ಮನೀಗೆ ಬರ್ತಾರೇನು?"

"ಆತವ್ವಾ."

ಮರುದಿನವೂ ಹೆಡ್‌ಮಾಸ್ತರು ಇರಲಿಲ್ಲ. ಫಕ್ಕೀರಪ್ಪ ಅಕ್ಕೋರನ್ನು ತಿರುಗಿಯೂ ನೋಡದೆ ಮೇಲಿನವರನ್ನು ಹುಡುಕಿ ಹೊರಟ. ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಾಹೇಬರು ಸಿಗಲಿಲ್ಲ. ಅವರ ಮೇಲಿನವರು ತಾಲೂಕಿನಲ್ಲಿ ಅಂದರು. ತಂಗಿಯನ್ನು ಎಳೆದುಕೊಂಡು ಬಸ್ ಹತ್ತಿದ. ಅಲ್ಲಿನ ಶಿಕ್ಷಣ ಕಚೇರಿಯಲ್ಲಿ ಅಧಿಕಾರಿ ಬಾಯಾರ ಮುಂದೆ ನಿಂತು, ತಂಗಿಯನ್ನು ಶಾಲೆಗೆ ಸೇರಿಸಬೇಕೆಂದು ಹೇಳಿ, "ನಿಮ್ಮ ಮ್ಯಾಲೆ ಯಾರದಾರ್ರಿ?" ಅಂತ ಕೇಳಿದ.

ಅವರು ಕನ್ನಡಕ ತೆಗೆದು ನೋಡಿದರು. "ಜಿಲ್ಲೆಯಲ್ಲಿ ಉಪನಿರ್ದೇಶಕರಿದ್ದಾರೆ."

"ಅವರ ಮ್ಯಾಲೆ?"

"ಬೆಂಗಳೂರಲ್ಲಿ ಆಯುಕ್ತರು. ಅವರ ಮೇಲೆ ಮಂತ್ರಿಗಳು. ಅದಕ್ಕೂ ಮೇಲೆ ಬೇಕಂದರೆ ದೆಹಲಿ."

"ದಿಲ್ಲಿ ಬಸ್ಸು ಯಾವಾಗ ಬರ್ತೈತ್ರಿ?"

ಬಾಯಾರು ನಗಲಿಲ್ಲ. ನೀಲವ್ವನ ಧೂಳು ಹಿಡಿದ ಕಾಲು ನೋಡಿದರು. "ತಮ್ಮಾ, ಮಕ್ಕಳನ್ನು ಸೇರಿಸೋದು ಮೇಲಿಂದ ಅಲ್ಲ. ಕೆಳಗಿಂದ ಶುರು ಮಾಡಬೇಕು. ಹೋಗು" ಅಂದರು.

ದ್ಯಾಮವ್ವನೂ ಅದನ್ನೇ ಹೇಳಿ ಬೈದಳು. "ಕೆಳಗಿಂದ ಶುರು ಮಾಡಂದ್ರಲ್ಲ, ಹಂಗಽ ಮಾಡು!"

ಎಲ್ಲಕ್ಕಿಂತ ಕೆಳಗೆ ಏನಿದೆ? ಮಾಸ್ತರು ಹೇಳಿದ್ದು ಫಕ್ಕೀರಪ್ಪನಿಗೆ ನೆನಪಿತ್ತು. ಬೆಳಗಾಗುತ್ತಲೇ ತಂಗಿಯನ್ನು ಒಯ್ದು ಅಂಗನವಾಡಿಯಲ್ಲಿ ಕೂರಿಸಿದ. ಎಡಕ್ಕೆ ಸಿಂಬಳ ಸುರಿಸುವ ಕೂಸು, ಬಲಕ್ಕೆ ಬೆರಳು ಚೀಪುವ ಕೂಸು, ನಡುವೆ ಮೊಣಕಾಲು ಗದ್ದಕ್ಕೆ ಮುಟ್ಟುವ ಹಾಗೆ ಮುದುಡಿ ಕೂತ ನೀಲವ್ವ. ಏಳಲು ಹೋದರೆ ಬಾಗಿಲಲ್ಲಿ ಅಣ್ಣ ಅಡ್ಡ ನಿಂತಿದ್ದ. ಸಂಜೆ ಮನೆಗೆ ಬಂದ ಹುಡುಗಿ ಉಣ್ಣದೆ ಗೋಡೆಗೆ ಮುಖ ಮಾಡಿ ಮಲಗಿದಳು. ಅದನ್ನು ನೋಡಿ ದ್ಯಾಮವ್ವನಿಗೆ ನಿಜವಾಗಿ ಹೆದರಿಕೆಯಾಯಿತು.

"ಐದ್ ವರ್ಷ ಓದಿದಾಕೀನ್ನ ಕೂಸುಗೋಳ ನಡುವ ಕುಂದ್ರಿಸ್ತಾರೇನೋ!" ಅಂತ ಕೂಗಿದಳು. "ಆಕೀ ವಾರಿಗೀ, ಆಕೀ ವಯಸ್ಸಿನ ಹುಡಿಗ್ಯಾರು ಎಲ್ಲಿರ್ತಾರ, ಅಲ್ಲಿ ಬಿಟ್ಟು ಬಾ! ಅಷ್ಟು ಸಾಕು!"

"ಅಷ್ಟಽ ಹೌದಿಲ್ಲವ್ವಾ?"

"ಅಷ್ಟಽ!"

ಮರುದಿನ ಹಾಗೇ ಮಾಡಿ ಬಂದ. ಮಧ್ಯಾಹ್ನ ಮಕ್ಕಳಿಗೆ ಬಡಿಸುತ್ತಿದ್ದ ಅವ್ವನಿಗೆ, "ಬಿಟ್ಟು ಬಂದೆ" ಅಂದ. ಅವಳಿಗೆ ಹಿಗ್ಗು. "ಹಿರೇಬೂದಿ ಇಷ್ಟ ಲಗೂ ಹೋಗಿ ಬಂದ್ಯಾ?"

"ಹಿರೇಬೂದೀಗೆ ಯಾಕವ್ವಾ? ಆಕೀ ವಾರಿಗೆಯವರು ಅಲ್ಲಿಲ್ಲ. ಎಲ್ಲಾ ಗೌಡರ ಹತ್ತಿ ಹೊಲದಾಗ ಅದಾರ."

ದ್ಯಾಮವ್ವ ಸೌಟು ಬಿಟ್ಟು ಓಡಿದಳು. ಬೈಯಲೆಂದೇ ಬಂದವಳು ಹೊಲದ ಬದುವಿನ ಮೇಲೆ ನಿಂತು ನೋಡಿದಳು. ಗಿಡಗಳ ನಡುವೆ ಬಾಗಿದ ತಲೆಗಳೆಲ್ಲ ಅವಳಿಗೆ ಗೊತ್ತಿದ್ದವೇ. ಸಾರು ಎರಡು ಸಲ ಕೇಳುತ್ತಿದ್ದ ಮಲ್ಲವ್ವ. ತಾಟು ತೊಳೆಯದೆ ಓಡುತ್ತಿದ್ದ ಹಸೀನಾ. ಒಂದೊಂದು ವರ್ಷ ಐದು ಮುಗಿಸಿ ಹೋದ ಮಕ್ಕಳು. ಮುಂದಿನ ಶಾಲೆಗೆ ಹೋಗಿದ್ದಾರೆ ಅಂತಲೇ ಅವಳು ನಂಬಿಕೊಂಡಿದ್ದಳು. ನಂಬಿಕೆ ಅನ್ನುವುದಕ್ಕಿಂತ, ತನ್ನ ಮಗಳ ಸರದಿ ಬರುವತನಕ ಅವರು ಎಲ್ಲಿ ಹೋದರೆಂದು ಕೇಳಿರಲೇ ಇಲ್ಲ. ಅವರ ನಡುವೆ ನೀಲವ್ವ ಬೆರಳಿಗೆ ಹಳದಿ ಹುಡಿ ಹತ್ತಿಸಿಕೊಂಡು ನಿಂತಿದ್ದಳು.

"ಇವರೆಲ್ಲಾ ನನ್ನ ಕೈಯಾಗ ಉಂಡವರೋ ಫಕ್ಕೀರ್ಯಾ," ಅಂತ ದ್ಯಾಮವ್ವ ಬದುವಿನ ಮೇಲೇ ಕುಸಿದು ಅತ್ತಳು. "ಇವರೆಲ್ಲಾ ಶಾಲಿಯಾಗ ಇರಬೇಕೋ! ಹೊಲದಾಗಲ್ಲ!"

"ಎಲ್ಲಾರೂನಾ ಅವ್ವಾ?"

"ಎಲ್ಲಾರೂ!" ಅಂದಳು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು.

ಮರುದಿನ ಅವಳು ಒಲೆ ಹೊತ್ತಿಸುವ ಹೊತ್ತಿಗೆ ಫಕ್ಕೀರಪ್ಪ ನೀಲವ್ವನ ಜೊತೆ ಹೊಲದಲ್ಲಿದ್ದ. "ಎಲ್ಲಾರೂ ಶಾಲೀಗೆ ನಡೀರಿ! ನಮ್ಮವ್ವ ಹೇಳ್ಯಾಳ!" ಹುಡುಗಿಯರು ಮುಖ ಮುಖ ನೋಡಿಕೊಂಡರು. ಹಾಗೆ ಕರೆದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಮಲ್ಲವ್ವ ಸಾಲಿನಿಂದ ಈಚೆ ಬಂದಳು, ಹಿಂದೆ ಹಸೀನಾ, ಆಮೇಲೆ ಉಳಿದವರು. ಗೌಡನ ಆಳು ಕೂಗುತ್ತಲೇ ಇದ್ದ.

ಹಿರೇಬೂದಿಯ ಹೆಡ್‌ಮಾಸ್ತರು ಅಂದು ಬಂದಿದ್ದರು. ಫಕ್ಕೀರಪ್ಪ ಅವರ ಕೈಯಲ್ಲೇ ಕಾಗದ ಇಟ್ಟ.

"ಕಾಗದ ಒಂದಽ ಐತಿ. ಹುಡಿಗ್ಯಾರು ಇಷ್ಟ ಮಂದಿ!"

"ಕಾಗದ ಒಂದಽ ಕೊಟ್ಟಿದ್ಲುರೀ ನಮ್ಮವ್ವ. ಹುಡಿಗ್ಯಾರ್ನ ಎಲ್ಲಾರ್ನೂ ಅಂದ್ಲು."

ಹೆಡ್‌ಮಾಸ್ತರು ಎಲ್ಲರ ಹಳದಿ ಬೆರಳುಗಳನ್ನು ನೋಡಿದರು. "ಕಾಗದ ಇಲ್ಲಂತ ಮಕ್ಕಳನ್ನ ಹೊರಗ ನಿಲ್ಲಿಸಾಕ ಬರೂದಿಲ್ಲ. ಒಳಗ ಬರ್ರಿ" ಅಂದರು.

ಸಂಜೆ ಫಕ್ಕೀರಪ್ಪ ಅಂಗಳದಲ್ಲಿ ಬೈಗುಳಕ್ಕೆ ಕಾದು ನಿಂತ. ಬೈಗುಳವಿಲ್ಲದೆ ನಾಳೆ ಏನು ಮಾಡಬೇಕು ಅಂತ ಅವನಿಗೆ ಹೇಗೆ ತಿಳಿಯಬೇಕು? ದ್ಯಾಮವ್ವ ಅವನ ತಲೆ ಸವರಿದಳು. "ದಿನಾ ಹಿಂಗಽ ಮಾಡು, ಮಗನಽ."

ದಿನವೂ ಹಾಗೇ ಮಾಡಿದ. ಐತವಾರ ಬಂತು.

ಶಾಲೆ ಇಲ್ಲದ ಐತವಾರ ಒಂದು ದಿನವಾದರೂ ಹುಡುಗಿಯರು ಸಿಗುತ್ತಾರೆಂದು ಅಂದಾನಗೌಡ ಮೋಟರ್‌ಸೈಕಲ್ ಹತ್ತಿ ಬಂದ. ಮನೆಗಳಲ್ಲಿ ಯಾರೂ ಇಲ್ಲ. ಹುಡುಕುತ್ತ ಹಿರೇಬೂದಿಗೆ ಬಂದು ನೋಡಿದರೆ ಶಾಲೆಗೆ ಬೀಗ, ಬೀಗದ ಮುಂದೆ ಸಾಲಾಗಿ ಕೂತ ಹುಡುಗಿಯರು, ಕಾವಲಿಗೆ ಫಕ್ಕೀರಪ್ಪ. ನೀಲವ್ವ ಗಟ್ಟಿಯಾಗಿ ಪಾಠ ಓದುತ್ತಿದ್ದಳು.

ಸುದ್ದಿ ತಿಳಿದು ದ್ಯಾಮವ್ವನೂ ಏದುಸಿರು ಬಿಡುತ್ತ ಬಂದಳು. "ಇವತ್ತ ಐತವಾರಲೋ ಹುಚ್ಚಪ್ಪಾ! ಶಾಲಿ ಇರೂದಿಲ್ಲ!"

"ದಿನಾ ಅಂದಿದ್ದಿಯಲ್ಲವ್ವಾ?"

"ನೋಡು ನಿನ್ನ ಮಗನ ಹುಚ್ಚಾಟಾನ!" ಅಂದ ಗೌಡ. "ಹೇಳು ಅವಂಗ. ಹುಡಿಗ್ಯಾರ್ನ ಕಳಸಂತ ಹೇಳು!"

ದ್ಯಾಮವ್ವ ಗೌಡನನ್ನು ನೋಡಿದಳು, ಮಗನನ್ನು ನೋಡಿದಳು. ಸೆರಗು ಬಿಗಿದುಕೊಂಡು ಸಾಲಿನ ಕೊನೆಯಲ್ಲಿ, ಮಲ್ಲವ್ವನ ಪಕ್ಕ ಕೂತಳು.

"ಹೌದ್ರೀ ಗೌಡ್ರ," ಅಂದಳು, "ದಿನಾ ಅಂದಿದ್ದೆ."